ಕಣದ ರಾಶಿ ಮತ್ತು ಕೋಟೆಯ ಕಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಮಧ್ಯಕಾಲದ ಜನಜೀವನವನ್ನು ಚಟುವಟಿಕೆಗಳ ಮೂಲಕ ಮಕ್ಕಳಿಗೆ ತಿಳಿಸುವ ಬಗೆಯನ್ನು ಕುರಿತು ಈ ಹೊತ್ತು ಮಾತನಾಡುತ್ತೇನೆ. ಮೊದಲ ವರ್ಷ ನಾನು ಮಾಡಿಸಿದ್ದು ರಾಜಸಭೆಯ ನಾಟಕ. ರಟ್ಟಿನ ಕಿರೀಟಗಳೂ ಕಾಗದದ ಖಡ್ಗಗಳೂ ಸಿದ್ಧವಾದವು. ಆದರೆ ನಾಲ್ಕೈದು ಮಕ್ಕಳು ರಾಜ, ಮಂತ್ರಿ, ದಂಡನಾಯಕರಾದ ಮೇಲೆ ಉಳಿದವರೆಲ್ಲ ಕೈಕಟ್ಟಿ ಗೋಡೆಗೆ ಒರಗಿ ನಿಂತರು. ಉತ್ತವರು, ನೇಯ್ದವರು, ಕಲ್ಲು ಕಡಿದವರು, ರಾಶಿ ಅಳೆದವರು ಯಾರೂ ನನ್ನ ನಾಟಕದೊಳಗೆ ಇರಲಿಲ್ಲ. ಆ ಕಾಲದ ಬಹುಪಾಲು ಜನರನ್ನೇ ಬಿಟ್ಟು ಆ ಕಾಲವನ್ನು ಕಲಿಸಹೊರಟಿದ್ದೆನೆಂಬುದು ಅಂದು ನನಗೆ ಮನವರಿಕೆಯಾಯಿತು.

ಮರುವರ್ಷ ಊಟದಿಂದ ಆರಂಭಿಸಿದೆ. ಹಿಂದಿನ ದಿನ ಮನೆಯಲ್ಲಿ ಉಂಡದ್ದನ್ನೆಲ್ಲ ಬರೆಯಲು ಹೇಳಿ, ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ನಮ್ಮ ನಾಡಿಗೆ ತಲುಪಿದ ಪದಾರ್ಥಗಳನ್ನು ಆ ಪಟ್ಟಿಯಿಂದ ಹೊಡೆದುಹಾಕಿಸಿದೆ. ಟೊಮೆಟೊ, ಆಲೂಗಡ್ಡೆ ಸುಲಭವಾಗಿ ಹೋದವು. ಮೆಣಸಿನಕಾಯಿ ಹೋದಾಗ ಗದ್ದಲವೆದ್ದಿತು. ಶೇಂಗಾ ಹೋದಾಗಲಂತೂ ಮಕ್ಕಳಿಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ಶೇಂಗಾ ಹಿಂಡಿಯಿಲ್ಲದ ರೊಟ್ಟಿಯನ್ನು ನಮ್ಮ ಸೀಮೆಯ ಮಕ್ಕಳು ಕಂಡವರೇ ಅಲ್ಲ. ಕೊನೆಗೆ ಉಳಿದವು ಜೋಳದ ರೊಟ್ಟಿ, ಬೇಳೆ, ಹುಣಸೆಹಣ್ಣು, ಬೆಳ್ಳುಳ್ಳಿ ಮತ್ತು ಮಜ್ಜಿಗೆ. ಖಾರಕ್ಕೆ ಏನು ಮಾಡುತ್ತಿದ್ದರೆಂದು ಕೇಳಿದಾಗ ಒಬ್ಬ ಹುಡುಗಿ, ಮೆಣಸಿನಕಾಯಿ ಎಂಬ ಹೆಸರಿನೊಳಗೇ ಮೆಣಸು ಇದೆಯಲ್ಲ ಸಾರ್ ಎಂದಳು. ಕರಿಮೆಣಸಿನ ಕಾಲ ಆ ಮಾತಿನಿಂದಲೇ ತರಗತಿಗೆ ಬಂದಿತು.

ಹೆಚ್ಚು ಫಲ ಕೊಟ್ಟದ್ದು ಕಣದ ಆಟ. ಶಾಲೆಯ ಅಂಗಳವನ್ನು ಸಾರಿಸಿ, ನಡುವೆ 24 ಪಾವು ಜೋಳದ ರಾಶಿ ಹಾಕಿ, ರೈತ, ಗೌಡ, ಶಾನಭೋಗ, ತಳವಾರ, ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿಗ ಎಂದು ಪಾತ್ರಗಳನ್ನು ಹಂಚುತ್ತೇವೆ. ವಿಜಯನಗರದ ಕಾಲದ ಹಳ್ಳಿಗಳಲ್ಲಿ ಹನ್ನೆರಡು ಬಗೆಯ ಆಯಗಾರರು ಊರಿನ ಕೆಲಸ ನಡೆಸಿ, ಅದಕ್ಕೆ ಪ್ರತಿಯಾಗಿ ಮಾನ್ಯದ ಹೊಲವನ್ನೋ ಸುಗ್ಗಿಯ ರಾಶಿಯಲ್ಲಿ ಪಾಲನ್ನೋ ಪಡೆಯುತ್ತಿದ್ದರು. ಶಾಸ್ತ್ರಗಳು ಹೇಳುವ ಆರರಲ್ಲೊಂದು ಪಾಲಿನ ಲೆಕ್ಕ ಹಿಡಿದರೆ ಅರಸನಿಗೆ 4 ಪಾವು ಹೋಗುತ್ತದೆ. ವಾಸ್ತವದಲ್ಲಿ ತೆರಿಗೆ ಇದಕ್ಕಿಂತ ಹೆಚ್ಚಾಗಿದ್ದ ಸಂದರ್ಭಗಳೂ ಉಂಟೆಂದು ಹೇಳಲು ನಾನು ಮರೆಯುವುದಿಲ್ಲ. ಆಯಗಾರರಿಗೆ ಬೊಗಸೆ ಬೊಗಸೆ ಕೊಟ್ಟು, ಬಿತ್ತನೆಗೆ ಬೀಜ ಎತ್ತಿಟ್ಟು, ರೈತನಾದ ಮಗು ತನ್ನೆದುರಿಗೆ ಉಳಿದ ಜೋಳವನ್ನು ನೋಡುವ ಆ ಗಳಿಗೆಯಲ್ಲಿ ನಾನು ಏನನ್ನೂ ವಿವರಿಸಬೇಕಾಗಿಲ್ಲ.

ಇಲ್ಲಿ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಪಾತ್ರಗಳನ್ನು ಚೀಟಿ ಎತ್ತಿಸಿಯೇ ಹಂಚಬೇಕು. ಅಗಸರ ಮನೆಯ ಹುಡುಗನಿಗೆ ಅಗಸನ ಪಾತ್ರವನ್ನೇ ಕೊಟ್ಟರೆ ಅದು ಪಾಠವಾಗುವುದಿಲ್ಲ, ಅವಮಾನವಾಗುತ್ತದೆ. ನಮ್ಮ ತರಗತಿಯಲ್ಲಿ ನಾಳೆ ಬೇರೆ ಚೀಟಿ ಬರುತ್ತದೆ, ಆ ಕಾಲದಲ್ಲಿ ಹುಟ್ಟಿದ ಮನೆಯೇ ಚೀಟಿಯಾಗಿತ್ತು ಎಂದು ಹೇಳಿದರೆ ಏಳನೆಯ ತರಗತಿಯ ಮಕ್ಕಳಿಗೆ ಸ್ಪಷ್ಟವಾಗಿ ಅರ್ಥವಾಗುತ್ತದೆ.

ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡಿಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಪದೇಪದೇ ಕಾದಿದರು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದವರಿಂದ ರಾಯಚೂರನ್ನು ಗೆದ್ದುಕೊಂಡ. 1565ರ ಯುದ್ಧದ ತರುವಾಯ ಅದು ಮತ್ತೆ ಆದಿಲ್‌ಶಾಹಿಗಳ ಕೈಸೇರಿತು. ಆಟದಲ್ಲಿ ಕಣದ ಪಕ್ಕದ ಹಲಗೆಯ ಮೇಲೆ ಅರಸನ ಹೆಸರನ್ನು ಅಳಿಸಿ ಬೇರೆಯದನ್ನು ಬರೆಯುತ್ತೇವೆ. ರಾಶಿ ಅಳೆಯುವ ಮಗು ಅಳೆಯುತ್ತಲೇ ಇರುತ್ತದೆ.

ಇನ್ನು ಕೋಟೆಯ ಮಾತು. ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದ ಸಂಗತಿಯನ್ನು ತೆಲುಗಿನಲ್ಲಿ ಹೇಳುವ 1294ರ ಶಾಸನ ಅದರ ಮೇಲಿದೆ. ಹತ್ತಿರದ ಇನ್ನೊಂದು ಕಲ್ಲಿನಲ್ಲಿ ಆ ಬೃಹತ್ ಕಲ್ಲನ್ನು ಸಾಗಿಸಿದ ಬಗೆಯನ್ನೇ ರೇಖೆಗಳಲ್ಲಿ ಕೊರೆದಿದ್ದಾರೆ: ಗಟ್ಟಿ ಚಕ್ರದ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಅವುಗಳನ್ನು ಹೊಡೆಯುವವರು, ಚಕ್ರಕ್ಕೆ ಸನ್ನೆಗೋಲು ಕೊಟ್ಟು ಮೀಟುವವರು. ಕೋಟೆಗೆ ಹೋಗುವ ಮೊದಲು ನಾವು ಅಂಗಳದಲ್ಲಿ 41 ಅಡಿ ಹಗ್ಗ ಹಾಸಿ, ಅದರುದ್ದಕ್ಕೆ ಮಕ್ಕಳನ್ನು ತಲೆಗೆ ಕಾಲು ತಾಗುವಂತೆ ಸಾಲಾಗಿ ಮಲಗಿಸುತ್ತೇವೆ. ಒಂಬತ್ತು ಮಕ್ಕಳು ಹಿಡಿಯುತ್ತಾರೆ. ಬಳಿಕ ಒಂದು ಚಪ್ಪಡಿಗೆ ಹಗ್ಗ ಕಟ್ಟಿ ಮೊದಲು ಬರಿ ನೆಲದ ಮೇಲೆ, ಆಮೇಲೆ ದುಂಡು ಕಟ್ಟಿಗೆಗಳ ಮೇಲೆ ಎಳೆಸುತ್ತೇವೆ. ಅಂಗೈ ಕೆಂಪಾದ ಮಕ್ಕಳು ಆ ರೇಖಾಚಿತ್ರವನ್ನು ನೋಡುವ ರೀತಿಯೇ ಬೇರೆ.

ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಬೇಸಿಗೆಗೆ ಮುಂಚೆಯೇ ಹೋಗುವುದು ಒಳ್ಳೆಯದು. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಗೆರೆಗಳು ಚೆನ್ನಾಗಿ ಕಾಣುತ್ತವೆ. ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ಉಜ್ಜಲು ಬಿಡಬೇಡಿ. ಶಾಸನ ಓದಲು ಬಾರದಿದ್ದರೂ ಚಿಂತೆಯಿಲ್ಲ. ಹಾಳೆ, ಪೆನ್ಸಿಲು ಕೊಟ್ಟು, ಸನ್ನೆಗೋಲು ಹಿಡಿದವರಲ್ಲಿ ಒಬ್ಬನನ್ನು ಆರಿಸಿ ಚಿತ್ರ ಬರೆಯಲು ಹೇಳಿ. ಅವನಿಗೊಂದು ಹೆಸರನ್ನು ಮಕ್ಕಳೇ ಇಡುತ್ತಾರೆ.

ನಮಸ್ಕಾರ.