ಒಬ್ಬ ಮೇಸ್ತ್ರಿಗೆ ಐದೇ ಜನ

ಕೇಳುಗರಿಗೆ ನಮಸ್ಕಾರ.

2006ರಲ್ಲಿ ಪುಣೆ ಹತ್ತಿರದ ಲೋನಾವಳಾದಲ್ಲಿ ಒಂದೇ ವಾರದ ಕೆಲಸಕ್ಕೆಂದು ಸುಮಾರು 2,000 ಸ್ವಯಂಸೇವಕರು ಸೇರಿದ್ದರು. ಕಟ್ಟಬೇಕಿದ್ದದ್ದು 100 ಮನೆ. ಬಡ ಕುಟುಂಬಗಳ ಮನೆ ಕಟ್ಟಲು ನೆರವಾಗುವ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯ ಆ ಕೆಲಸಕ್ಕೆ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೂಡ ಬಂದು ಕೈಜೋಡಿಸಿದ್ದರು. ಪತ್ರಿಕೆಗಳಲ್ಲಿ ಬಂದದ್ದು ಆ ಒಂದು ವಾರದ ಚಿತ್ರಗಳು. ಆದರೆ ಇಂಥ ವಾರವೊಂದು ನಡೆಯಬೇಕಾದರೆ ಅದರ ಹಿಂದೆ ತಿಂಗಳುಗಟ್ಟಲೆ ಕೆಲಸ ಇರುತ್ತದೆ. ಇವತ್ತು ಆ ಹಿಂದಿನ ಕೆಲಸದ ಬಗ್ಗೆ ಮಾತಾಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮದೇ ಒಂದು ಹಳ್ಳಿ, 20 ಮನೆ. ಪ್ರತಿ ಮನೆಯೂ ಐದು ಮೀಟರ್ ಉದ್ದ, ಐದು ಮೀಟರ್ ಅಗಲ. ಒಳಗೊಂದು ಅಡ್ಡಗೋಡೆ, ಮೂಲೆಯಲ್ಲಿ ಬಚ್ಚಲು. ಗೋಡೆಗೆ ಆರಿಂಚಿನ ಸಾಲಿಡ್ ಸಿಮೆಂಟ್ ಬ್ಲಾಕು. ಬಾಗಿಲು ಕಿಟಕಿ ಕಳೆದರೆ ಮನೆಗೆ ಸುಮಾರು 900 ಬ್ಲಾಕು ಬೇಕು. ಇಳಿಸುವಾಗ ಒಡೆಯುವುದನ್ನೂ ಸೇರಿಸಿ 950 ಅನ್ನಿ. ಒಂದೊಂದು ಬ್ಲಾಕು 25 ಕಿಲೋ ತೂಗುತ್ತದೆ. ಅಂದರೆ ಒಂದು ಮನೆಗೆ 24 ಟನ್, 20 ಮನೆಗೆ 475 ಟನ್. ಇಷ್ಟು ಭಾರವನ್ನು ಲಾರಿ ಬಂದಲ್ಲೇ ಸುರಿಸಿಕೊಂಡರೆ ನಿಮ್ಮ ಸ್ವಯಂಸೇವಕರು ಮನೆ ಕಟ್ಟುವುದಿಲ್ಲ, ಹೊರುತ್ತಾರೆ ಅಷ್ಟೆ. ಎರಡನೇ ದಿನಕ್ಕೆ ಸೊಂಟ ಹಿಡಿದುಕೊಂಡು ಕೂರುತ್ತಾರೆ. ಹಾಗಾಗಿ ಪ್ರತಿ ಮನೆಯ ನಾಲ್ಕೂ ಪಕ್ಕದಲ್ಲಿ, ಗೋಡೆಯಿಂದ ಎರಡು ಮೂರು ಅಡಿ ಜಾಗ ಬಿಟ್ಟು, ಮೊದಲೇ ಜೋಡಿಸಿಡಿಸಬೇಕು.

ಬ್ಲಾಕು ಎಷ್ಟು ಹಳೆಯದು ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ. ಎರಕ ಹೊಯ್ದು 28 ದಿನವಾದರೂ ಆಗಿರಬೇಕು. ಹಸಿ ಬ್ಲಾಕು ಗೋಡೆಗೆ ಹೋದ ಮೇಲೆ ಕುಗ್ಗುತ್ತದೆ. ಆರು ತಿಂಗಳಿಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಸ್ವಯಂಸೇವಕರು ಪ್ರೀತಿಯಿಂದಲೇ ಮಾಡುವ ಇನ್ನೊಂದು ತಪ್ಪಿದೆ: ಬ್ಲಾಕಿನ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿಯುವುದು. ನೆನೆಸಬೇಕಾದದ್ದು ಸುಟ್ಟ ಇಟ್ಟಿಗೆಯನ್ನು. ಸಿಮೆಂಟ್ ಬ್ಲಾಕಿನ ಮೈ ಸ್ವಲ್ಪ ತೇವವಾದರೆ ಸಾಕು.

ಅಡಿಪಾಯ ಮತ್ತು ಪ್ಲಿಂತ್, ಅಂದರೆ ಗೋಡೆ ನಿಲ್ಲುವ ಕಟ್ಟೆಯ ಕೆಲಸವನ್ನು ಸ್ವಯಂಸೇವಕರ ವಾರಕ್ಕೆ ಇಟ್ಟುಕೊಳ್ಳಲೇಬೇಡಿ. ಅದನ್ನು ಗುತ್ತಿಗೆದಾರರಿಂದ ಕನಿಷ್ಠ ಎರಡು ವಾರ ಮೊದಲೇ ಮುಗಿಸಿ. ಮುಗಿದ ಮೇಲೆ ಎರಡೂ ಕರ್ಣಗಳನ್ನು ಟೇಪು ಹಿಡಿದು ಅಳೆಯಿರಿ. ಎರಡೂ ಒಂದೇ ಅಳತೆ ಬಂದರೆ ಮೂಲೆ ಸರಿಯಿದೆ. ಪ್ಲಿಂತಿನಲ್ಲಿ ಒಂದಿಂಚು ಓರೆಯಾದದ್ದು ಕೊನೆಗೆ ಸೂರಿನ ಶೀಟಿನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಈಗ ಜನರ ಲೆಕ್ಕ. ತಪ್ಪುವುದು ಹೆಚ್ಚಾಗಿ ಇಲ್ಲೇ. 'ಎಷ್ಟು ಜನ ಬಂದರೂ ಬರಲಿ' ಅಂದವರ ಕೆಲಸ ಕೆಟ್ಟಿತೆಂದೇ ಲೆಕ್ಕ. ಒಬ್ಬ ಮೇಸ್ತ್ರಿ ಹೆಚ್ಚೆಂದರೆ ಐದು ಹೊಸ ಕೈಗಳ ಮೇಲೆ ಕಣ್ಣಿಡಬಲ್ಲ. ಆದ್ದರಿಂದ ಮನೆಗೆ ಹತ್ತು ಜನ, ಇಬ್ಬರು ಮೇಸ್ತ್ರಿ. 20 ಮನೆಗೆ 200 ಜನ, 40 ಮೇಸ್ತ್ರಿ. ಮೇಸ್ತ್ರಿಗಳಿಗೆ ದಿನಗೂಲಿ ಕೊಡಲೇಬೇಕು, ಅವರಿಂದ ಪುಕ್ಕಟೆ ಸೇವೆ ಕೇಳುವುದು ಸರಿಯಲ್ಲ. 40 ಮೇಸ್ತ್ರಿ ಸಿಗದೆ 25 ಜನ ಮಾತ್ರ ಸಿಕ್ಕರೆ ಸ್ವಯಂಸೇವಕರನ್ನು 125ಕ್ಕೆ ಇಳಿಸಿ. ಬರುತ್ತೇನೆ ಅಂದವರಿಗೆ ಬೇಡ ಅನ್ನುವುದು ಕಷ್ಟ, ಆದರೂ ಅನ್ನಬೇಕು.

ನಾಲ್ಕು ಮೂಲೆಗಳನ್ನು ಮೇಸ್ತ್ರಿಯೇ ಎತ್ತಬೇಕು. ತೂಕದ ಗುಂಡು ಇಳಿಬಿಟ್ಟು, ರಸಮಟ್ಟ ಇಟ್ಟು ನೋಡಿ, ಮೂಲೆಯಿಂದ ಮೂಲೆಗೆ ದಾರ ಬಿಗಿಯುವುದೂ ಅವನೇ. ಸ್ವಯಂಸೇವಕರು ಆ ದಾರಕ್ಕೆ ಸರಿಯಾಗಿ ನಡುವಿನ ಬ್ಲಾಕು ತುಂಬುತ್ತಾರೆ. ಬ್ಲಾಕು ದಾರಕ್ಕೆ ತಾಗಬಾರದು, ಕೂದಲೆಳೆಯಷ್ಟು ಸಂದಿರಬೇಕು. ಒಬ್ಬರು ತಾಗಿಸಿದರೆ ದಾರ ಹೊರಕ್ಕೆ ಉಬ್ಬುತ್ತದೆ, ಅದನ್ನು ನೋಡಿಕೊಂಡು ಮುಂದಿನವರೆಲ್ಲ ಉಬ್ಬಿದ ಗೋಡೆಯನ್ನೇ ಕಟ್ಟುತ್ತಾರೆ. ಕರಣೆ ಹಿಡಿಯುವವರು ನಾಲ್ಕೇ ಜನ ಸಾಕು. ಇಬ್ಬರು ಗಾರೆ ಕಲಸಲಿ, ಮೂವರು ಬ್ಲಾಕು ಮತ್ತು ಬಾಣಲಿ ಎತ್ತಿಕೊಡಲಿ, ಒಬ್ಬರು ಸಂದು ತುಂಬಲಿ. ಮಧ್ಯಾಹ್ನ ಊಟವಾದ ಮೇಲೆ ಅದಲುಬದಲು ಮಾಡಿ. ಇಲ್ಲದಿದ್ದರೆ ಬಾಣಲಿ ಹೊತ್ತವರು ಮರುದಿನ ಬರುವುದಿಲ್ಲ.

ಗಾರೆ ಒಂದಕ್ಕೆ ಆರು, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಸಲಿಕೆ ಲೆಕ್ಕ ಬೇಡ, ಏಕೆಂದರೆ ಒಬ್ಬರ ಸಲಿಕೆಯಂತೆ ಇನ್ನೊಬ್ಬರದು ತುಂಬುವುದಿಲ್ಲ. 40 ಸೆಂಟಿಮೀಟರ್ ಉದ್ದ, 35 ಅಗಲ, 25 ಎತ್ತರದ ಮರದ ಪೆಟ್ಟಿಗೆ ಮಾಡಿಸಿ. ಅದರಲ್ಲಿ 35 ಲೀಟರ್ ಹಿಡಿಯುತ್ತದೆ, ಸರಿಯಾಗಿ ಒಂದು ಮೂಟೆ ಸಿಮೆಂಟಿನಷ್ಟು. ಹೊಸಬರ ಕೈ ನಿಧಾನ. ಆದ್ದರಿಂದ ಒಂದು ಸಲಕ್ಕೆ ಅರ್ಧ ಮೂಟೆಗೆ ಮೂರು ಪೆಟ್ಟಿಗೆ ಮರಳು, ಅಷ್ಟು ಮಾತ್ರ ಕಲಸಿ. ಗಟ್ಟಿಯಾಗತೊಡಗಿದ ಗಾರೆಗೆ ಮತ್ತೆ ನೀರು ಹಾಕಿ ಮೆದು ಮಾಡಿಕೊಳ್ಳುವುದು ಎಲ್ಲ ಕಡೆಯೂ ಕಾಣುವ ಚಾಳಿ. ಅಂಥ ಗಾರೆಯನ್ನು ಚೆಲ್ಲಬೇಕು. ಹಸಿ ಸಿಮೆಂಟು ಕೈ ಸುಡುತ್ತದೆ, ಅದೂ ತಕ್ಷಣ ಗೊತ್ತಾಗುವುದಿಲ್ಲ, ಸಂಜೆಗೆ ಬೆರಳು ಬಿರಿಯುತ್ತದೆ. ರಬ್ಬರಿನ ಕೈಗವಸು ಪ್ರತಿಯೊಬ್ಬರಿಗೂ ಬೇಕು.

ಗೋಡೆಯನ್ನು ದಿನಕ್ಕೆ ನಾಲ್ಕು ಅಡಿಗಿಂತ ಹೆಚ್ಚು ಎತ್ತಬೇಡಿ. ಕೆಳಗಿನ ಗಾರೆ ಇನ್ನೂ ಹಸಿಯಿರುವಾಗ ಮೇಲೆ ಭಾರ ಬಿದ್ದರೆ ಗೋಡೆ ಜಾರುತ್ತದೆ. ಆ ಲೆಕ್ಕದಲ್ಲಿ ಹತ್ತಡಿ ಗೋಡೆಗೆ ಮೂರು ದಿನ. ಆದರೆ ಹೊಸಬರು ಮೇಸ್ತ್ರಿಯ ಮೂರನೇ ಒಂದು ಪಾಲು ಕಟ್ಟಿದರೆ ಅದೇ ದೊಡ್ಡದು. ಐದು ದಿನ ಇಟ್ಟುಕೊಳ್ಳಿ. ಬಾಗಿಲು ಕಿಟಕಿಯ ಮೇಲೆ ಕೂರುವ ತೊಲೆಯನ್ನು, ಅಂದರೆ ಲಿಂಟಲನ್ನು, ಅಲ್ಲೇ ಎರಕ ಹೊಯ್ಯಲು ಹೋದರೆ ಕೆಲಸ ನಿಂತು 200 ಜನ ಸುಮ್ಮನೆ ಕೂರಬೇಕಾಗುತ್ತದೆ. ಮೊದಲೇ ಎರಕ ಹೊಯ್ದು ಒಣಗಿಸಿದ ಲಿಂಟಲ್ ಎತ್ತಿ ಕೂರಿಸಿದರೆ ಅರ್ಧ ಗಂಟೆಯಲ್ಲಿ ಮುಂದಿನ ಸಾಲು ಶುರು. ಕಬ್ಬಿಣ ಕಟ್ಟಿ ಕಾಂಕ್ರೀಟು ಹೊಯ್ಯುವ ಆರ್‌ಸಿಸಿ ಸೂರಂತೂ ಆ ವಾರದಲ್ಲಿ ಆಗುವ ಮಾತೇ ಅಲ್ಲ. ಇಷ್ಟು ಚಿಕ್ಕ ಮನೆಯಲ್ಲೂ ಹಸಿ ಕಾಂಕ್ರೀಟನ್ನು ಹೊತ್ತು ನಿಲ್ಲುವ ಸೆಂಟ್ರಿಂಗಿನ ಆಸರೆಯನ್ನು ಏಳು ದಿನ ಬಿಚ್ಚುವಂತಿಲ್ಲ. ವಾರದ ಕೊನೆಗೆ ಬೀಗದ ಕೈ ಕೊಡುವ ಆಸೆಯಿದ್ದರೆ ಹೆಂಚು ಅಥವಾ ಶೀಟಿನ ಸೂರನ್ನೇ ಯೋಚಿಸಿ. ಲಿಂಟಲಿನಿಂದ ಮೇಲಿನ ಕೆಲಸಕ್ಕೆ ಸ್ವಯಂಸೇವಕರನ್ನು ಹತ್ತಿಸಬೇಡಿ. ಅದು ಕಸುಬಿನವರ ಕೆಲಸ.

ಉಳಿದದ್ದು ಊಟ, ನೀರು. ಬಿಸಿಲಲ್ಲಿ ತಲೆಗೆ ನಾಲ್ಕು ಲೀಟರ್ ಅಂದರೆ ಮೇಸ್ತ್ರಿಗಳೂ ಸೇರಿ 240 ಜನಕ್ಕೆ ದಿನಕ್ಕೆ 20 ಲೀಟರಿನ 50 ಕ್ಯಾನು. 25 ಜನಕ್ಕೊಂದರಂತೆ ಹತ್ತು ಶೌಚಾಲಯ, ಹೆಂಗಸರಿಗೆ ಬೇರೆಯೇ. ಕಲಸುವ ನೀರಿನ ಟ್ಯಾಂಕರ್ ಬೇರೆ, ಕುಡಿಯುವ ನೀರು ಬೇರೆ.

ಹಕ್ಕುಪತ್ರ ಕೈಗೆ ಬರದ ಜಾಗದಲ್ಲಿ ಒಂದು ಬ್ಲಾಕೂ ಇಡಬೇಡಿ. ಈ ಕಾಗದ ಬರುವುದಕ್ಕೇ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಸ್ವಯಂಸೇವಕರಿಗೆ ತಾರೀಕು ಹೇಳುವುದು ಅದಾದ ಮೇಲೆ, ಅದೂ ಮಳೆಗಾಲ ಕಳೆದು.

ಇನ್ನೊಂದು ಮಾತು. ಶನಿವಾರ ಸಂಜೆ ಹಾರ, ಭಾಷಣ, ಫೋಟೋ ಎಲ್ಲ ಮುಗಿಸಿ 200 ಜನ ಬಸ್ಸು ಹತ್ತುತ್ತಾರೆ. ಆಗ ಗೋಡೆಯ ಮೇಲಿನ ಸಾಲುಗಳಿಗೆ ಒಂದೆರಡು ದಿನವಷ್ಟೇ ವಯಸ್ಸು. ಇನ್ನೂ ಏಳರಿಂದ ಹತ್ತು ದಿನ ಕ್ಯೂರಿಂಗ್ ಆಗಬೇಕು, ಅಂದರೆ ಗೋಡೆಗೆ ನೀರು ಹಾಕಬೇಕು, ದಿನಕ್ಕೆ ಮೂರು ಸಲ. ಭಾನುವಾರ ಬೆಳಿಗ್ಗೆ ಆರಕ್ಕೆ ಯಾವ ಮನೆಗೆ ಯಾರು ಪೈಪು ಹಿಡಿಯುತ್ತಾರೆ ಅನ್ನುವ ಪಟ್ಟಿಯನ್ನು ಆ ಮನೆಗಳಿಗೆ ಬರುವ ಕುಟುಂಬಗಳ ಜೊತೆ ಕೂತು ಬರೆಯಿರಿ. ಮೊದಲ ಬ್ಲಾಕು ಇಡುವ ಮೊದಲೇ ಬರೆಯಿರಿ.

ನಮಸ್ಕಾರ.