ಎರಡನೇ ಸಲ ಬಂದ ಗಿರಾಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಹುಚ್ಚನ್ನೇ ವ್ಯಾಪಾರ ಮಾಡಿಕೊಳ್ಳಲು ಕಾಲೇಜು ಬಿಡಬೇಕೇ ಎಂಬುದು ಇವತ್ತಿನ ಪ್ರಶ್ನೆ. ಮುಂದಿನ ಸಾಲಿನ ತಂದೆ-ತಾಯಂದಿರು ನಾನು "ಕಾಲೇಜು ಬಿಡಬ್ಯಾಡ್ರಿ" ಅನ್ನಲಿ ಅಂತ ಕಾಯುತ್ತಿದ್ದಾರೆ. ಹಿಂದಿನ ಸಾಲಿನ ಹುಡುಗರು "ಬಿಡ್ರಿ" ಅನ್ನಲಿ ಅಂತ. ಎರಡನ್ನೂ ಹೇಳುವುದಿಲ್ಲ. ನಾನು ಕೇಳುವುದು ಒಂದೇ ಮಾತು: ನಿಮ್ಮ ಸಾಮಾನನ್ನು ಎರಡನೇ ಸಲ ಕೊಂಡವರು ಎಷ್ಟು ಮಂದಿ?

ಮೊದಲ ಸಲ ಸೋದರಮಾವ ಕೊಳ್ಳುತ್ತಾನೆ, ಓಣಿಯವರು ಕೊಳ್ಳುತ್ತಾರೆ. ಅದು ವ್ಯಾಪಾರವಲ್ಲ, ಮದುವೆಮನೆಯ ಉಡುಗೊರೆಯಂಥ ಆಯೇರಿ.

ಕಾಲೇಜು ಬಿಡುವ ಮಾತು ಬಂದಾಗೆಲ್ಲ ಹುಬ್ಬಳ್ಳಿಯಲ್ಲಿ ಯಾರಾದರೂ ವಿಜಯ ಸಂಕೇಶ್ವರರ ಹೆಸರು ತೆಗೆಯುತ್ತಾರೆ. 1976ರಲ್ಲಿ ಅವರು ಒಂದೇ ಲಾರಿಯಿಂದ ಸಾಗಣೆ ವ್ಯಾಪಾರ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ಅವರ ಬಿ.ಕಾಂ. ಯಾರಿಗೂ ನೆನಪಿಲ್ಲ! ನಾನು ಇನ್ನೂ ಹಿಂದಕ್ಕೆ ಹೋಗುತ್ತೇನೆ, ಸವದತ್ತಿ ಸೀಮೆಯ ಗುರ್ಲಹೊಸೂರಿಗೆ. 1869ರಲ್ಲಿ ಅಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರಿಗೆ ಚಿತ್ರ ಬರೆಯುವ ಹುಚ್ಚು. ಮುಂಬೈನ ಜೆ.ಜೆ. ಕಲಾಶಾಲೆ ಸೇರಿದರು. ಆಮೇಲೆ ತಿಳಿಯಿತು, ಕಣ್ಣು ಬಣ್ಣಗಳನ್ನು ಸರಿಯಾಗಿ ಗುರುತಿಸುವುದಿಲ್ಲ. ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ಕಲಿಸಿದರು. ಬೆಳಗಾವಿಗೆ ಬಂದು ಸೈಕಲ್ ಅಂಗಡಿ ಇಟ್ಟರು. ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲು. ರೈತರು ಏನಂದರು? ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂದರು. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು ಅನ್ನುತ್ತಾರೆ. ಅಷ್ಟರಲ್ಲಿ ಬೆಳಗಾವಿಯ ಜಾಗವನ್ನೂ ಬಿಡಬೇಕಾಗಿ ಬಂತು. ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು, 1910ರಲ್ಲಿ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದಿತು. ನೋಡ್ರಿ, ಹುಚ್ಚು ಚಿತ್ರದ್ದು, ಹೊಟ್ಟೆ ತುಂಬಿಸಿದ್ದು ನೇಗಿಲು. ಆ ನೇಗಿಲು ಮಾರದ ದಿನಗಳಲ್ಲಿ ಒಲೆ ಉರಿಸಲು ಬೇರೆ ಏನೋ ಬೇಕಿತ್ತಲ್ಲ? ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇರಲಿ, ಖಾರಕ್ಕೆ ಬರೋಣ. ಅಡುಗೆಯ ಹುಚ್ಚಿರುವ ಹುಡುಗ ಬ್ಯಾಡಗಿ ಖಾರದಪುಡಿ ಮಾರುತ್ತೇನೆ ಅನ್ನುತ್ತಾನೆ. "ಕಿಲೋಕ್ಕ 300ರಂಗ ಮೆಣಸಿನಕಾಯಿ ತರತೀನಿ, 500ಕ್ಕ ಪುಡಿ ಮಾರತೀನಿ, 200 ಉಳೀತೈತಿ." ಅವನ ದರವನ್ನೇ ಹಿಡಿಯೋಣ. 100 ಕಿಲೋ ಕಾಯಿಗೆ 30,000. ತೊಟ್ಟು ಬಿಡಿಸಿದರೆ ಸುಮಾರು 6 ಕಿಲೋ ಹೋಗುತ್ತದೆ. ಒಣಗಿಸುವಾಗ, ಬೀಸುವಾಗ ಇನ್ನೊಂದು 4 ಕಿಲೋ ಅನ್ನಿ. ಉಳಿದದ್ದು 90 ಕಿಲೋ ಪುಡಿ, ಕಿಲೋ 333ಕ್ಕೆ ಬಿತ್ತು. ತೊಟ್ಟು ಬಿಡಿಸುವ ಕೂಲಿ, ಗಿರಣಿ ಸೇರಿ ಕಿಲೋಗೆ 30. ಒಂದು ಕಿಲೋಗೆ 200 ಗ್ರಾಮಿನ ಐದು ಪೊಟ್ಟಣ, ಚೀಟಿ ಸಮೇತ 20. ಸಾಗಣೆ 10. ಒಟ್ಟು 393. ಅಂಗಡಿಯವರು 20 ಪರ್ಸೆಂಟ್ ಹಿಡಿದುಕೊಂಡರೆ 500ರಲ್ಲಿ ಕೈಗೆ ಬರುವುದು 400. ಉಳಿದದ್ದು ಏಳು ರೂಪಾಯಿ! ಅದೂ ಉದ್ರಿ. ಇದರಲ್ಲಿ ಹುಡುಗನ ಪಗಾರ ಎಲ್ಲಿದೆ?

ಅದೇ ಪುಡಿಯನ್ನು ಖಾನಾವಳಿಗೆ 5 ಕಿಲೋ ಚೀಲದಲ್ಲಿ, ಕಿಲೋ 450ರಂತೆ ಕೊಡಿ. ಅಂಗಡಿಯ ಪಾಲಿಲ್ಲ, ಸಣ್ಣ ಪೊಟ್ಟಣದ ಖರ್ಚಿಲ್ಲ, 70ರ ಮೇಲೆ ಉಳಿಯುತ್ತದೆ. ಖಾನಾವಳಿಯವರ ಇನ್ನೊಂದು ಗುಣ, ಸಂಕೋಚಕ್ಕೆ ಕೊಳ್ಳುವುದಿಲ್ಲ. ರುಚಿ ಹಿಡಿಸದಿದ್ದರೆ ಎರಡನೇ ಸಲ ಫೋನೇ ಎತ್ತುವುದಿಲ್ಲ. ಪರೀಕ್ಷೆ ಅಂದರೆ ಅದು.

ಕೆಡುವುದು ಎಲ್ಲಿ? ತೇವದಲ್ಲಿ. ಖಾರದಪುಡಿಯ ತೇವ 11 ಪರ್ಸೆಂಟ್ ಮೀರಬಾರದು ಎಂದು ನಿಯಮ. ನೀರು ಹೊಡೆದು ತೂಕ ಏರಿಸಿದ ಕಾಯಿ ಹೊಳೆಯುತ್ತದೆ, ಹೊಸಬ ಅದಕ್ಕೇ ಮರುಳಾಗುತ್ತಾನೆ. ಕಾಯಿ ಅಲ್ಲಾಡಿಸಿ, ಬೀಜ ಗಲಗಲ ಅನ್ನಬೇಕು. ಮುರಿದರೆ ಚಟ್ ಅನ್ನಬೇಕು, ಬಾಗಬಾರದು. ತೇವ ಉಳಿದರೆ ಬೂಸ್ಟು, ಬೂಸ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ. ಒಂದೇ ಏಟಿಗೆ ನುಣ್ಣಗೆ ಬೀಸಿದರೆ ಯಂತ್ರದ ಕಾವಿಗೆ ಬಣ್ಣ ಮಂಕಾಗುತ್ತದೆ. ಎರಡು ಸುತ್ತಿನಲ್ಲಿ, ನಡುವೆ ಆರಲು ಬಿಟ್ಟು ಬೀಸಿ. ಬಿಸಿ ಪುಡಿಯನ್ನು ಪೊಟ್ಟಣ ಕಟ್ಟಿದರೆ ಒಳಗೇ ಬೆವರುತ್ತದೆ. ಪಾರದರ್ಶಕ ಚೀಲವನ್ನು ಅಂಗಡಿಯವರು ಬಿಸಿಲಿಗೆ ತೂಗುಹಾಕಿದರೆ ಬ್ಯಾಡಗಿಯ ಕೆಂಪು ಹೋಗಿ ಇಟ್ಟಂಗಿ ಪುಡಿಯಾಗುತ್ತದೆ. ಇನ್ನು ಬ್ಯಾಡಗಿಗೆ ಬಣ್ಣವಿದೆ, ಖಾರ ಕಡಿಮೆ. "ಖಾರ ಇಲ್ಲೋ ತಮ್ಮಾ" ಅನ್ನುವವರಿಗೆ ಗುಂಟೂರು ಕಾಯಿ ಬೆರೆಸಬೇಕು, ಬೆರೆಸಿದ್ದನ್ನು ಚೀಟಿಯಲ್ಲಿ ಬರೆಯಬೇಕು. ಮಸಾಲಿ ಖಾರ ಮಾಡುವವರಿಗೆ ಬೇರೆಯೇ ತಲೆಬ್ಯಾನಿ: ಒಣಕೊಬ್ಬರಿ ಕಮಟು ಹಿಡಿಯುತ್ತದೆ, ಬೆಳ್ಳುಳ್ಳಿ ತೇವ ಬಿಡುತ್ತದೆ.

ಐದೇ ನಿಮಿಷ ಅಂತ ಚೀಟಿ ಬಂತು. ಕಿರ್ಲೋಸ್ಕರರು ತಿಂದ ಸಮಯ ಇದು.

ಕಾಗದಪತ್ರ ಬೇಗ ಹೇಳುತ್ತೇನೆ. ಆಹಾರ ಸುರಕ್ಷತೆಯ ನೋಂದಣಿ ಬೇಕೇ ಬೇಕು, ಅದರ 14 ಅಂಕಿಯ ನಂಬರು ಪೊಟ್ಟಣದ ಮೇಲಿರಬೇಕು. ನಿವ್ವಳ ತೂಕ, ಎಂ.ಆರ್.ಪಿ., ದಿನಾಂಕ, ವಿಳಾಸ, ದೂರಿಗೆ ಫೋನ್ ನಂಬರೂ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟೆ, ಏಜೆಂಟರಿಗೆ ದುಡ್ಡು ಕೊಡಬೇಡಿ. ರಾಜ್ಯದೊಳಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿ.ಎಸ್.ಟಿ. ನೋಂದಣಿ ಬೇಡ, ಆದರೆ ಗೋವಾಕ್ಕೆ ಒಂದು ಪೆಟ್ಟಿಗೆ ಮಾರಿದರೂ ಬೇಕು.

ಕಾಲೇಜಿನ ಮಾತು. ಟಿ.ಸಿ. ತೆಗೆಯುವ ಮೊದಲು ವಿಶ್ವವಿದ್ಯಾಲಯದ ನಿಯಮಾವಳಿ ಓದಿ, ಕೋರ್ಸ್ ಮುಗಿಸಲು ಎಷ್ಟು ವರ್ಷದ ಮಿತಿ ಇದೆ, ನಡುವೆ ಬಿಟ್ಟು ಮರಳಬಹುದೇ ಎಂದು. ಶಿಕ್ಷಣ ಸಾಲವಿದ್ದವರು ಬ್ಯಾಂಕಿಗೆ ಹೋಗಿ ಕೇಳಿ: ಕೋರ್ಸ್ ಬಿಟ್ಟರೆ ಕಂತು ಯಾವಾಗ ಶುರು? ಹಾಸ್ಟೆಲ್, ವಿದ್ಯಾರ್ಥಿವೇತನ, ಬಸ್ ಪಾಸ್ ಹೋಗುತ್ತವೆ. ಆ ತಿಂಗಳ ಖರ್ಚನ್ನೂ 393ರ ಪಕ್ಕದಲ್ಲಿ ಬರೆಯಿರಿ.

ಬ್ಯಾಡಗಿ ಮಾರುಕಟ್ಟೆ ಸೋಮವಾರ, ಗುರುವಾರ. ಒಂದು ದಿನ ಸುಮ್ಮನೆ ನೋಡಿ ಬನ್ನಿ. ಮೊದಲಿಗೆ 10 ಕಿಲೋ ಸಾಕು, ಮೂರು ಖಾನಾವಳಿ ಸಾಕು. ಯಾರು ಮತ್ತೆ ಕೇಳಿದರು ಅಂತ ವಹಿಯಲ್ಲಿ ಬರೆದಿಡಿ. ಪ್ರಶ್ನೆ ಇದ್ದವರು ಕೈ ಎತ್ತಿ. ಮೈಕು ಮೊದಲು ಹಿಂದಿನ ಸಾಲಿಗೆ ಹೋಗಲಿ.