ಬೇಸಿಗೆಯ ಲ್ಯಾಪ್‌ಟಾಪಿಗೆ ವೋಲ್ಟೇಜ್ ಸ್ವಲ್ಪ ಕಮ್ಮಿ

ನಮಸ್ಕಾರ. ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಮಹಡಿ ರೂಮಿನಲ್ಲಿ ಕೂತು ಲ್ಯಾಪ್‌ಟಾಪ್ ಮೇಲೆ ಕೆಲಸ ಮಾಡಿದ್ದೀರಾ? ಹೊರಗೆ 42 ಡಿಗ್ರಿ, ತಲೆ ಮೇಲಿನ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ, ಲ್ಯಾಪ್‌ಟಾಪಿನ ಫ್ಯಾನಂತೂ ಜಿನ್ನಿಂಗ್ ಮಿಲ್ಲಿನ ಥರ ಹುಯ್ಯಿಡುತ್ತದೆ. ಆದರೂ ಕೆಲಸ ಕುಂಟುತ್ತದೆ. ಪ್ರೊಸೆಸರ್ 100 ಡಿಗ್ರಿ ಮುಟ್ಟಿತೆಂದರೆ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ.

ನನ್ನದು ಸೆಕೆಂಡ್ ಹ್ಯಾಂಡ್, ಇಂಟೆಲ್ ಐ5, ಎಂಟನೇ ಜನರೇಷನ್. ಒಳಗೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್. ಬಿಸಿ ಕಮ್ಮಿಯಾಗಲಿ ಅಂತ ಅದರ ಪ್ರೊಸೆಸರಿನ ವೋಲ್ಟೇಜ್ ಹೇಗೆ ಇಳಿಸಿದೆ ಅಂತ ಇವತ್ತು ಹೇಳುತ್ತೇನೆ. ಆದರೆ ನೀವು ಮೊದಲು ಹಿಂದಿನ ಮುಚ್ಚಳ ಬಿಚ್ಚಿಸಿ ಧೂಳು ತೆಗೆಸಿ. ಹತ್ತಿ ಬರುವ ಗಂಜ್ ಮಾರುಕಟ್ಟೆ ಕಡೆಯವರಾದರೆ ಧೂಳಿನ ಜೊತೆ ಹತ್ತಿಯ ಎಳೆಯೂ ಸಿಗುತ್ತದೆ. ನನ್ನ ಫ್ಯಾನಿನ ಬಾಯಿಗೆ ಒಂದು ಪುಟ್ಟ ದಿಂಬೇ ಕಟ್ಟಿತ್ತು!

ಈಗ ವೋಲ್ಟೇಜ್. ಪ್ರೊಸೆಸರ್ ಚಿಪ್ಪುಗಳೆಲ್ಲ ಒಂದೇ ಸಮ ಇರುವುದಿಲ್ಲ. ಎಂಥ ಚಿಪ್ಪಾದರೂ ನಿಲ್ಲದೆ ಓಡಲಿ ಅಂತ ಕಂಪನಿಯವರು ಬೇಕಾದ್ದಕ್ಕಿಂತ ಒಂಚೂರು ಜಾಸ್ತಿಯೇ ಇಟ್ಟಿರುತ್ತಾರೆ. ನಾವು ಕೈ ಹಾಕುವುದು ಆ ಜಾಸ್ತಿಗೆ. ಇದರಲ್ಲಿ ಒಂದು ಮಜಾ ಇದೆ: ಚಿಪ್ಪು ಕೆಲಸ ಮಾಡುವಾಗ ತಿನ್ನುವ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಅಂದರೆ 1 ವೋಲ್ಟ್ ಇದ್ದದ್ದನ್ನು 80 ಮಿಲಿವೋಲ್ಟ್ ಇಳಿಸಿದರೆ ಇಳಿದದ್ದು ನೂರಕ್ಕೆ 8 ಮಾತ್ರ, ಆದರೆ ಆ ಖರ್ಚು ನೂರಕ್ಕೆ 15ರಷ್ಟು ಕಮ್ಮಿಯಾಗುತ್ತದೆ. ಖರ್ಚು ಇಳಿದರೆ ಬಿಸಿಯೂ ಇಳಿಯುತ್ತದೆ. ವೇಗ ಇದ್ದಷ್ಟೇ ಇರುತ್ತದೆ.

ಲಿನಕ್ಸಿನಲ್ಲಿ ಇದಕ್ಕೆ ಇಂಟೆಲ್-ಅಂಡರ್‌ವೋಲ್ಟ್ ಅನ್ನುವ ಸಣ್ಣ ಸಾಫ್ಟ್‌ವೇರ್ ಇದೆ. ಲಿನಕ್ಸಿನ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಅದರ ಎಂಎಸ್‌ಆರ್ ಅನ್ನುವ ಮಾಡ್ಯೂಲಿನ, ಅಂದರೆ ತುಣುಕಿನ, ಮೂಲಕ ಈ ಸಾಫ್ಟ್‌ವೇರ್ ಪ್ರೊಸೆಸರಿನೊಳಗೆ ಸೆಟ್ಟಿಂಗ್ ಇರುವ ರಿಜಿಸ್ಟರಿಗೇ ಬರೆಯುತ್ತದೆ. ಕರ್ನಲ್ 5.9 ರಿಂದ ಈಚೆಗೆ ಹೀಗೆ ಬರೆದರೆ ಲಾಗ್‌ನಲ್ಲಿ ಎಚ್ಚರಿಕೆ ಬೀಳುತ್ತದೆ, ಗಾಬರಿ ಬೇಡ. ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಎಷ್ಟೋ ಡಿಸ್ಟ್ರೋಗಳಲ್ಲಿ, ಅಂದರೆ ಲಿನಕ್ಸಿನ ಬೇರೆ ಬೇರೆ ರೂಪಗಳಲ್ಲಿ, ಕರ್ನಲ್ ಬರೆಯಲು ಬಿಡುವುದೇ ಇಲ್ಲ. ಕಮಾಂಡುಗಳನ್ನು ರೇಡಿಯೋದಲ್ಲಿ ಓದಿ ಹೇಳಿದರೆ ಯಾರಿಗೆ ಉಪಯೋಗ ಹೇಳಿ, ಅದನ್ನು ಬಿಡೋಣ. ಕಾನ್ಫಿಗ್ ಫೈಲಿನಲ್ಲಿ ಸಿಪಿಯು ಅಂತ ಒಂದು ಸಾಲು, ಸಿಪಿಯು ಕ್ಯಾಶ್ ಅಂತ ಇನ್ನೊಂದು ಸಾಲು ಇರುತ್ತದೆ. ಎರಡಕ್ಕೂ ಒಂದೇ ಅಂಕಿ ಕೊಡಿ. ಮೈನಸ್ 30ರಿಂದ ಶುರು ಮಾಡಿ, ಹತ್ತತ್ತು ಮಿಲಿವೋಲ್ಟ್ ಇಳಿಸುತ್ತಾ ಹೋಗಿ, ಒಂದೊಂದು ಸಲವೂ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸ್ಟ್ರೆಸ್-ಎನ್‌ಜಿ ಅನ್ನುವ ಸಾಫ್ಟ್‌ವೇರ್ ಹಾಕಿ ಅರ್ಧ ತಾಸು ದುಡಿಸಿ ನೋಡಿ.

ಇಲ್ಲಿ ನಾನೇ ಎಡವಿದೆ. ಮೈನಸ್ 110ಕ್ಕೆ ಸ್ಟ್ರೆಸ್ ಟೆಸ್ಟ್ ಆರಾಮಾಗಿ ಪಾಸಾಯಿತು. ಗೆದ್ದೆ ಅಂದುಕೊಂಡು ಚಹಾ ಕುಡಿದು ಬಂದರೆ, ಸುಮ್ನೆ ಕೂತಿದ್ದ ಲ್ಯಾಪ್‌ಟಾಪ್ ಹ್ಯಾಂಗ್ ಆಗಿತ್ತು. ಕೆಲಸ ಇಲ್ಲದಾಗ ಚಿಪ್ಪು ಕಮ್ಮಿ ವೇಗಕ್ಕೆ, ಕಮ್ಮಿ ವೋಲ್ಟೇಜಿಗೆ ಇಳಿದಿರುತ್ತದೆ, ಅಲ್ಲಿಂದ ಇನ್ನೂ 110 ಕಳೆದರೆ ನಿಲ್ಲಬೇಕಲ್ವಾ? ಹಾಗಾಗಿ ಒಂದೆರಡು ದಿನ ಮಾಮೂಲಿ ಕೆಲಸವನ್ನೂ ಮಾಡಿ ನೋಡಬೇಕು. ಅಲ್ಲಿಯವರೆಗೆ ಬೂಟ್ ಆಗುವಾಗ ತಾನೇ ಹಾಕಿಕೊಳ್ಳುವ ಸರ್ವಿಸನ್ನು ಆನ್ ಮಾಡಬೇಡಿ. ಹ್ಯಾಂಗ್ ಆದರೂ ಆಫ್ ಮಾಡಿ ಆನ್ ಮಾಡಿದರೆ ಎಲ್ಲಾ ಮೊದಲಿನಂತೆ. ಆದರೆ ವೋಲ್ಟೇಜ್ ಸಾಲದ ಚಿಪ್ಪು ಹ್ಯಾಂಗ್ ಆಗದೆ ಲೆಕ್ಕ ತಪ್ಪುವುದೂ ಉಂಟು, ಅದು ಫೈಲುಗಳಿಗೆ ಅಪಾಯ. ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಕೆಲವರ ಲ್ಯಾಪ್‌ಟಾಪಿನಲ್ಲಿ ಎಷ್ಟು ಬರೆದರೂ ಅಂಕಿ ಸೊನ್ನೆಯಲ್ಲೇ ಇರುತ್ತದೆ. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ದೋಷ ಹೊರಬಿತ್ತು. ವೋಲ್ಟೇಜ್ ಇಳಿಸಿ ಪ್ರೊಸೆಸರಿನ ಲೆಕ್ಕ ತಪ್ಪಿಸಿ ಒಳಗಿನ ಗುಟ್ಟು ಕದಿಯಬಹುದು ಅಂತ ಸಂಶೋಧಕರು ತೋರಿಸಿದರು. ಆಮೇಲೆ ಲ್ಯಾಪ್‌ಟಾಪ್ ಆನ್ ಆದೊಡನೆ ಮೊದಲು ಓಡುವ ಸಾಫ್ಟ್‌ವೇರಾದ ಬಯೋಸ್‌ನ ಅಪ್ಡೇಟಿನಲ್ಲಿ ವೋಲ್ಟೇಜ್ ಇಳಿಸುವುದಕ್ಕೆ ಬೀಗ ಬಿತ್ತು. ಹಳೇ ಬಯೋಸ್ ಹಾಕಿ ಬೀಗ ತೆಗೆಯುವವರಿದ್ದಾರೆ, ನಾನಂತೂ ಆ ಗೋಜಿಗೆ ಹೋಗುವುದಿಲ್ಲ. ನಿಮ್ಮದಕ್ಕೆ ಬೀಗ ಬಿದ್ದಿದ್ದರೆ ಇಂಟೆಲ್ ಪಿ-ಸ್ಟೇಟ್ ಫೋಲ್ಡರಿನ ನೋ-ಟರ್ಬೊ ಫೈಲಿನಲ್ಲಿ 1 ಅಂತ ಬರೆಯಿರಿ. ಮಾಮೂಲಿಗಿಂತ ಜೋರಾಗಿ ಓಡಿಸುವ ಟರ್ಬೊ ನಿಲ್ಲುತ್ತದೆ, ವೇಗ ಇಳಿಯುತ್ತದೆ ನಿಜ. ಆದರೆ ವೇಗ ಇಳಿದರೆ ಚಿಪ್ಪು ತಾನೇ ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಷ್ಟು ಸಾಕು.

ನಾನು ಕೊನೆಗೆ ಮೈನಸ್ 80ಕ್ಕೆ ನಿಲ್ಲಿಸಿದೆ. ಅದೇ ಮಾಡೆಲ್ಲಿನ ನನ್ನ ತಮ್ಮನ ಲ್ಯಾಪ್‌ಟಾಪ್ ಮೈನಸ್ 60ಕ್ಕೇ ಹ್ಯಾಂಗ್ ಆಯಿತು. ನನ್ನ ಅಂಕಿ ಬರೆದುಕೊಳ್ಳಬೇಡಿ, ನಿಮ್ಮದನ್ನು ನೀವೇ ಹುಡುಕಿ. ನಮಸ್ಕಾರ.